ತಾತನ ಬೋಳು, ಮೊಮ್ಮಗನ ಬೋಳು

ಪುಟಾಣಿಗಳೇ, ಈ ವಾರ ನನ್ನದೇ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡುತ್ತೇನೆ.

ದಸರಾ ರಜೆಗೆ ಮಗಳ ಮಗ ಮೈಸೂರಿಗೆ ಬಂದಿದ್ದ. ಆರನೇ ಕ್ಲಾಸು. ಬಂದವನು ತಲೆಯ ಮೇಲಿನ ಟೋಪಿ ತೆಗೆಯಲೇ ಇಲ್ಲ. ಊಟಕ್ಕೆ ಕೂತರೂ ಟೋಪಿ, ದೀಪಾಲಂಕಾರ ನೋಡಲು ಹೋದರೂ ಟೋಪಿ. ಮೂರನೇ ದಿನ ಅವನಜ್ಜಿ ಎಣ್ಣೆ ಹಚ್ಚುತ್ತೇನೆಂದು ಟೋಪಿ ಕಿತ್ತಾಗ ಗೊತ್ತಾಯಿತು. ಬಲಗಿವಿಯ ಮೇಲ್ಗಡೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒಂದು ಕೂದಲೂ ಇಲ್ಲ. ನನ್ನ ನೆತ್ತಿಯ ಹಾಗೆಯೇ ನುಣ್ಣಗಿದೆ.

ನಗಿಸೋಣವೆಂದು ನಾನು, "ಲೋ, ನಾನಿನ್ನೂ ಬದುಕಿರುವಾಗಲೇ ನನ್ನ ಆಸ್ತಿ ನಿನ್ನ ಹೆಸರಿಗೆ ಬಂತಲ್ಲೋ!" ಅಂದೆ. ಅವನು ನಗಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ರಾತ್ರಿ ಊಟಕ್ಕೂ ಬರಲಿಲ್ಲ. ಕ್ಲಾಸಿನಲ್ಲಿ ಪಕ್ಕದ ಹುಡುಗ "ಅಂಟಿಕೊಳ್ಳುತ್ತೆ" ಎಂದು ಬೆಂಚು ಬದಲಿಸಿದ್ದಾನೆ ಅಂತ ಮಗಳು ಆಮೇಲೆ ಫೋನಿನಲ್ಲಿ ಹೇಳಿದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಕೌಂಟರಿನಲ್ಲಿ ಕೂತು ಜನರ ಮುಖ ನೋಡಿದವನಿಗೆ ಮನೆಯ ಮಗುವಿನ ಮುಖ ಓದಲು ಬರಲಿಲ್ಲ.

ಬೆಳಗಾಗುವಷ್ಟರಲ್ಲಿ ಬೀದಿಯ ವೈದ್ಯರೆಲ್ಲ ಸೇರಿದರು. ಒಬ್ಬರು "ಹುಳ ತಿಂದಿದೆ, ಈರುಳ್ಳಿ ಉಜ್ಜಿ" ಅಂದರು. ಇನ್ನೊಬ್ಬರು ಗುಲಗಂಜಿ ಅರೆದು ಹಚ್ಚಲು ಹೇಳಿದರು. ಗುಲಗಂಜಿ ಬೀಜ ವಿಷ, ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆಯುವ ಮಾತೇ ಬೇಡ ಎಂದು ನಾನು ಅವನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, ನನ್ನನ್ನು ಬಿಟ್ಟು ನೇರವಾಗಿ ಅವನ ಜೊತೆಗೇ ಮಾತಾಡಿದರು. "ಇದಕ್ಕೆ ಅಲೋಪೇಶಿಯಾ ಏರಿಯೇಟಾ ಅಂತಾರೆ ಪುಟ್ಟ. ಹುಳ ಗಿಳ ಏನೂ ಇಲ್ಲ. ರೋಗಾಣುಗಳ ಮೇಲೆ ಯುದ್ಧ ಮಾಡೋ ನಿನ್ನ ಮೈಯ ಸೈನಿಕರು ಗುರುತು ತಪ್ಪಿ ಕೂದಲ ಬುಡದ ಮೇಲೆ ಬಿದ್ದಿದ್ದಾರೆ. ಬುಡ ಸತ್ತಿಲ್ಲ. ಎಷ್ಟೋ ಜನಕ್ಕೆ ಒಂದು ವರ್ಷದೊಳಗೆ ತಾನಾಗಿಯೇ ಬರುತ್ತೆ. ಕೆಲವರಿಗೆ ಮತ್ತೆ ಉದುರೋದೂ ಉಂಟು. ಆದರೆ ಯಾರಿಗೂ ಅಂಟೋದಿಲ್ಲ. ನೀನು ಏನೋ ತಿಂದೆ, ಎಣ್ಣೆ ಹಚ್ಚಲಿಲ್ಲ ಅಂತ ಬಂದಿದ್ದಲ್ಲ." ಹಚ್ಚಲು ಒಂದು ಮುಲಾಮು ಬರೆದುಕೊಟ್ಟರು.

ಅಂಟುವ ಬಗೆಯೂ ಒಂದಿದೆಯಂತೆ. ಅದು ತಲೆಯ ಹುಳುಕಡ್ಡಿ, ಶಿಲೀಂಧ್ರದ ಕೆಲಸ. ಅದರಲ್ಲಿ ಹೊಟ್ಟು ಏಳುತ್ತದೆ, ಕೆರೆತವಿರುತ್ತದೆ, ಕೂದಲು ಮುರಿದು ಮೋಟಾಗಿ ನಿಲ್ಲುತ್ತದೆ. ಅದಕ್ಕೆ ಬರೀ ಮುಲಾಮು ಸಾಲದು, ಮಾತ್ರೆ ನುಂಗಬೇಕು. ಬಾಚಣಿಗೆ, ಟವೆಲು, ಟೋಪಿಗಳಿಂದ ಹರಡುತ್ತದೆ. ಒಬ್ಬರ ಬಾಚಣಿಗೆ ಇನ್ನೊಬ್ಬರು ಬಳಸಬೇಡಿ ಎಂದು ನಿಮ್ಮ ಅಜ್ಜಿ ಗದರುವುದು ಸುಮ್ಮನೆ ಅಲ್ಲ.

ಡೆಂಗಿ ಬಂದಿದ್ದ ನನ್ನ ಅಳಿಯನದು ಇನ್ನೊಂದು ಕಥೆ. ಜ್ವರ ಬಿಟ್ಟ ಮೇಲೆ ಎರಡು ಮೂರು ತಿಂಗಳಿಗೆ ಬಚ್ಚಲಲ್ಲಿ ಕೂದಲು ಹಿಡಿ ಹಿಡಿಯಾಗಿ ಬರತೊಡಗಿತು. ದೊಡ್ಡ ಜ್ವರ, ಆಪರೇಷನ್ ಆದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಆಮೇಲೆ ಒಟ್ಟಿಗೇ ಉದುರುತ್ತವೆ. ಅವನಿಗೆ ಆರು ತಿಂಗಳಲ್ಲಿ ಎಲ್ಲ ವಾಪಸ್ ಬಂತು. ಸಾಮಾನ್ಯ ದಿನಗಳಲ್ಲೂ ನಮ್ಮೆಲ್ಲರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಖಾತೆಯಲ್ಲಿ ಸುಮಾರು ಒಂದು ಲಕ್ಷ ಇರುವುದರಿಂದ ಬ್ಯಾಂಕು ಮುಳುಗುವುದಿಲ್ಲ.

"ಹಾಗಾದ್ರೆ ತಾತಂಗೆ ಆಗಿರೋದು?" ಅಂದ ಹುಡುಗ. ನಾನು ಕಾಯುತ್ತಿದ್ದ ಪ್ರಶ್ನೆ.

ನನ್ನದು ಗಂಡಸರ ಮಾಮೂಲಿ ಬೋಳು. ಗಂಡಸರ ಹಾರ್ಮೋನಾದ ಟೆಸ್ಟೋಸ್ಟಿರೋನಿನಿಂದ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು ತಯಾರಾಗುತ್ತದೆ. ಅದನ್ನು ತಡೆದುಕೊಳ್ಳಲಾಗದ ಕೂದಲ ಬುಡಗಳು ಹಣೆಯ ಮೂಲೆಗಳಲ್ಲಿ, ನೆತ್ತಿಯಲ್ಲಿ ಇರುತ್ತವೆ. ಅಲ್ಲಿ ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡಗೆ ಆಗುತ್ತಾ ಕೊನೆಗೆ ಕಣ್ಣಿಗೇ ಕಾಣುವುದಿಲ್ಲ. ಕಿವಿಯ ಮೇಲೆ, ಹಿಂದಲೆಯಲ್ಲಿ ಇರುವವು ಜಗ್ಗುವುದಿಲ್ಲ. ಅದಕ್ಕೇ ನನಗೆ ಈ ಬಿಳಿ ಅಂಚು ಉಳಿದಿದೆ. ನಾರ್ವುಡ್ ಎಂಬ ಅಮೆರಿಕದ ಡಾಕ್ಟರು 1975ರಲ್ಲಿ ಈ ಬೋಳನ್ನು ಏಳು ಹಂತಗಳಾಗಿ ವಿಂಗಡಿಸಿದ್ದಾರೆ. "ನೀನಿನ್ನೂ ಆರನೇ ಕ್ಲಾಸು, ತಾತ ಏಳನೇದು ಮುಗಿಸಿದ್ದಾರೆ" ಅಂದರು ಡಾಕ್ಟರಮ್ಮ. ಆಗ ಅವನು ಮೊದಲ ಸಲ ನಕ್ಕ.

ತಾಯಿಯ ತಂದೆ ಬೋಳಾದರೆ ಮೊಮ್ಮಗನೂ ಬೋಳು ಎಂಬ ಮಾತಿದೆಯಲ್ಲ, ಅದನ್ನೂ ಕೇಳಿದೆವು. ಅರ್ಧ ನಿಜ. ಇದಕ್ಕೆ ಸಂಬಂಧಪಟ್ಟ ಒಂದು ಮುಖ್ಯ ವಂಶವಾಹಿ ತಾಯಿಯ ಕಡೆಯಿಂದ ಬರುತ್ತದೆ, ಮಿಕ್ಕ ಹಲವು ಎರಡೂ ಕಡೆಯಿಂದ ಬರುತ್ತವೆ. ಈಗಲೇ ಹೇಳಲಾಗದು. ಏನೇ ಆದರೂ, ನನ್ನ ನೆತ್ತಿಗೂ ಅವನ ಆ ಬಿಲ್ಲೆಗೂ ಸಂಬಂಧವಿಲ್ಲ.

ನನಗೆ ಕೂದಲು ಹೋಗಲು ಶುರುವಾದಾಗ ಇಪ್ಪತ್ತಾರು. ಸಂತೆಯಲ್ಲಿ ಕೊಂಡ ಎಣ್ಣೆಗಳ ಲೆಕ್ಕ ಬರೆದಿದ್ದರೆ ಒಂದು ಲೆಡ್ಜರ್ ತುಂಬುತ್ತಿತ್ತು. ಹೆಣ್ಣು ನೋಡಲು ಹೋದಾಗ ಎಡಗಿವಿಯ ಹತ್ತಿರದ ಕೂದಲನ್ನು ನೆತ್ತಿಯ ಮೇಲೆ ಹಾಯಿಸಿ, ನೀರು ಹಚ್ಚಿ ಕೂರಿಸಿದ್ದೆ. ಅವರ ಮನೆಯಲ್ಲಿ ಯಾರೋ ಫ್ಯಾನ್ ಹಾಕಿದರು. "ಹಾಕಿಸಿದ್ದು ನಾನೇ" ಎಂದು ಇವಳು ಈಗಲೂ ಹೇಳುತ್ತಾಳೆ.

ಹೊರಡುವ ಮುಂಚೆ ಹುಡುಗ ಡಾಕ್ಟರಮ್ಮನ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡ: "ಇದು ಅಂಟುರೋಗವಲ್ಲ." ಅದನ್ನು ಮಡಿಸಿ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡ. ಮನೆಗೆ ಬಂದು ನಾನು ಅವನಿಗೆ ಸಾರಿ ಹೇಳಿದೆ. "ಇರ್ಲಿ ಬಿಡು ತಾತ" ಅಂದ.

ಸಂಕ್ರಾಂತಿಗೆ ಮತ್ತೆ ಬಂದ. ಹಿಂದಲೆಯಲ್ಲಿ ಇನ್ನೊಂದು ಸಣ್ಣ ಬಿಲ್ಲೆ ಆಗಿತ್ತು. ಆದರೂ ತಲೆಯ ಮೇಲೆ ಟೋಪಿ ಇರಲಿಲ್ಲ. ಪಕ್ಕದ ಹುಡುಗ ಹಳೇ ಬೆಂಚಿಗೆ ಬಂದಿದ್ದಾನಂತೆ. ಹಳೆಯ ಬಿಲ್ಲೆಯ ಮೇಲೆ ಎಳೆಯ ಕೂದಲು ಹುಟ್ಟಿತ್ತು, ಅಚ್ಚ ಬಿಳಿ. ಮೊದಮೊದಲು ಹಾಗೇ ಬರುವುದುಂಟು, ಆಮೇಲೆ ಬಣ್ಣ ತುಂಬುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹುಡುಗ ಕನ್ನಡಿಯ ಮುಂದೆ ತಲೆ ಓರೆ ಮಾಡಿ ನೋಡಿಕೊಂಡು, "ತಾತ, ಇದು ನಿಂದು! ವಾಪಸ್ ಬೇಕಾ?" ಅಂದ.