ಕೆನ್ಯಾದ ಕ್ಷೋಭೆಯೂ ನಗರದ ದಂಗೆಯೂ

ಪೂರ್ವ ಆಫ್ರಿಕದ ಕೆನ್ಯಾ ದೇಶವು 2024ನೆಯ ಇಸವಿಯಲ್ಲಿ ಅನುಭವಿಸಿದ ಕ್ಷೋಭೆಯನ್ನು ದೂರದೇಶದ ವರ್ತಮಾನವೆಂದು ನಮ್ಮ ಮಲೆನಾಡಿನ ವಾಚಕರು ಪಕ್ಕಕ್ಕಿಡುವಂತಿಲ್ಲ. ಆ ವರ್ಷದ ಜೂನ್ ತಿಂಗಳಲ್ಲಿ ಹೊಸ ತೆರಿಗೆಗಳನ್ನು ವಿಧಿಸುವ ಹಣಕಾಸು ಮಸೂದೆಯನ್ನು ವಿರೋಧಿಸಿ ಅಲ್ಲಿನ ತರುಣರು ಬೀದಿಗಿಳಿದರು. 25ನೆಯ ತಾರೀಖು ಪಾರ್ಲಿಮೆಂಟು ಮಸೂದೆಯನ್ನು ಅಂಗೀಕರಿಸಿತು. ಅದೇ ದಿನ ಜನರು ಪಾರ್ಲಿಮೆಂಟಿನ ಆವರಣಕ್ಕೆ ನುಗ್ಗಿದರು. ಪೊಲೀಸರು ಗುಂಡು ಹಾರಿಸಿದರು. ಸೈನ್ಯಕ್ಕೆ ಕರೆ ಹೋಯಿತು. ಹೈಟಿ ದೇಶದಲ್ಲಿ ಶಾಂತಿಯನ್ನು ಸ್ಥಾಪಿಸಲೆಂದು ಕೆನ್ಯಾ ಕಳುಹಿಸಿದ ಪೊಲೀಸರ ಮೊದಲ ತುಕಡಿಯು ಆ ದ್ವೀಪದಲ್ಲಿ ಇಳಿದದ್ದೂ ಅದೇ ದಿನವೇ. ಪರರ ಮನೆಯ ಬೆಂಕಿಯನ್ನು ಆರಿಸಹೋದವರ ಮನೆಯೇ ಹೊತ್ತಿಕೊಂಡಿತ್ತು!

ಮರುದಿನ ಅಧ್ಯಕ್ಷ ವಿಲಿಯಂ ರೂಟೋರವರು ಮಸೂದೆಗೆ ಅಂಕಿತ ಹಾಕುವುದಿಲ್ಲವೆಂದು ಸಾರಿದರು. ಜುಲೈ 11ರಂದು ಹೆಚ್ಚುಕಡಿಮೆ ಇಡೀ ಮಂತ್ರಿಮಂಡಲವನ್ನು ವಜಾ ಮಾಡಿದರು. ಅಕ್ಟೋಬರ್ ತಿಂಗಳಲ್ಲಿ ಉಪಾಧ್ಯಕ್ಷ ರಿಗಾಥಿ ಗಚಾಗುವಾರವರು ಮಹಾಭಿಯೋಗಕ್ಕೆ ಗುರಿಯಾಗಿ ಪದಚ್ಯುತರಾದರು. ಈ ನಡುವೆ ಐವತ್ತಕ್ಕೂ ಮೇಲ್ಪಟ್ಟು ಜನರು ಪ್ರಾಣ ಕಳೆದುಕೊಂಡಿದ್ದರು. ಅನೇಕರು ಅಪಹೃತರಾದರೆಂಬ ಕೂಗೂ ಎದ್ದಿತು. ಜೂನ್ 26ರಂದು ಕೇಳಿದ ಮಾತನ್ನು 24ರಂದೇ ಕೇಳಬಹುದಾಗಿತ್ತಲ್ಲವೆ? ಎರಡು ದಿನಗಳ ಕಿವುಡಿಗೆ ಅಷ್ಟು ಮನೆಗಳು ಬೆಲೆ ತೆರಬೇಕಾಯಿತು.

ಈ ವೃತ್ತಾಂತವನ್ನು ಓದುವಾಗ ನಮ್ಮದೇ ಸೀಮೆಯಲ್ಲಿ 1830-31ರಲ್ಲಿ ನಡೆದ ನಗರದ ದಂಗೆಯು ಸ್ಮರಣೆಗೆ ಬರುತ್ತದೆ. ಇಂದು ಹೊಸನಗರ ತಾಲ್ಲೂಕಿನ ಒಂದು ಊರಾಗಿರುವ ನಗರವು ಕೆಳದಿಯ ಅರಸರ ರಾಜಧಾನಿಯಾದ ಬಿದನೂರು; 1763ರಲ್ಲಿ ಹೈದರನ ವಶವಾಗಿ, ತರುವಾಯ ಮೈಸೂರಿನ ಒಂದು ಫೌಜುದಾರಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಶರತ್ತಿನ ಪದ್ಧತಿಯೊಂದು ನಡೆಯುತ್ತಿತ್ತು. ಇಂತಿಷ್ಟು ಕಂದಾಯವನ್ನು ವಸೂಲು ಮಾಡಿಕೊಡುವೆನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಇಂತಹ ಅಮಲ್ದಾರನಿಗೆ ಬೆಳೆ ಬಂದಿತೆ, ಮಳೆ ಕೆಡಿಸಿತೆ ಎಂಬ ವಿಚಾರವೆಲ್ಲಿಯದು? ರೈತನ ಕಣಜವೇ ಅವನ ಕರಾರಿನ ಜಾಮೀನಾಯಿತು.

ನಗರದಲ್ಲಿ ಬಹುಕಾಲ ಫೌಜುದಾರನಾಗಿದ್ದ ರಾಮರಾಯನ ಬಂಧುಬಳಗವು ಅಧಿಕಾರಸ್ಥಾನಗಳನ್ನು ತುಂಬಿತ್ತು. ಅನಂತರ ಬಂದ ವೀರರಾಜೇ ಅರಸನು ಹಿಂದೆ ಕೊಟ್ಟ ಮಾಫಿಗಳಲ್ಲಿ ಮೋಸವಿದೆಯೆಂದು ಲೆಕ್ಕಗಳನ್ನು ಮತ್ತೆ ತೆಗೆಸಿದನು. ಮೋಸ ಮಾಡಿದವರು ಅಧಿಕಾರಿಗಳು. ಬಾಕಿಯ ಭಾರ ಬಿದ್ದುದು ಒಕ್ಕಲಿನ ಮೇಲೆ. 1830ರ ಉತ್ತರಾರ್ಧದಲ್ಲಿ ರೈತರು ಊರೂರಿಗೆ ಹೇಳಿಕಳುಹಿಸಿ ಕೂಟಗಳನ್ನು ಕಟ್ಟಿದರು, ಕಂದಾಯ ಕೊಡುವುದಿಲ್ಲವೆಂದರು. ಕೂಟಗಳನ್ನು ಚದರಿಸಲು ದಂಡು ಬಂದಿತು, ರಕ್ತ ಹರಿಯಿತು. ತಾನು ಬಿದನೂರಿನ ಅರಸುಗಳ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನು ಮುಂದೆ ಬಂದನು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಕೈಗೂಡಿಸಿದನು.

ಅಂದಿನ ಅಧಿಕಾರಿಗಳು ಇದೆಲ್ಲವೂ ಪಿತೂರಿಗಾರರ ಕೆಲಸವೆಂದರು. ಕೂಟಗಳ ಹಿಂದೆ ಸ್ವಾರ್ಥಿಗಳಿದ್ದರೆಂಬುದೇನೋ ಸುಳ್ಳಲ್ಲ. ಆದರೆ ಒಣಗಿದ ಹುಲ್ಲಿಲ್ಲದ ಕಡೆ ಕಿಡಿಯು ಏನು ಮಾಡೀತು? ಬೂದಿ ಬಸವಪ್ಪನಿಗೆ ಸಾವಿರಾರು ಜನರನ್ನು ಒದಗಿಸಿದುದು ಅವನ ಮುದ್ರೆಯಲ್ಲ, ಶರತ್ತಿನ ಕರಾರು. ನೈರೋಬಿಯ ಬೀದಿಯನ್ನು ತುಂಬಿಸಿದುದೂ ಚಳವಳಿಗಾರರ ಮಾತಿನ ಬಲವಲ್ಲ, ತೆರಿಗೆಯ ಪಟ್ಟಿ.

ಇದರ ಫಲವನ್ನು ಉಂಡವರು ಯಾರು? 1831ರ ಜೂನ್ ತಿಂಗಳಲ್ಲಿ ಕಂಪೆನಿಯ ಸೈನ್ಯವು ನಗರವನ್ನು ಹಿಡಿಯಿತು. ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು 1799ರ ಒಡಂಬಡಿಕೆಯನ್ನು ಮುಂದೊಡ್ಡಿ ಇಡೀ ಮೈಸೂರಿನ ಆಡಳಿತವನ್ನೇ ಮಹಾರಾಜರಿಂದ ಕಸಿದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸುವ ಹಾಕರ್ ಸಮಿತಿಯು ವರದಿಯನ್ನೊಪ್ಪಿಸಿದುದು 1833ರಲ್ಲಿ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ಇದು ಕಂಪೆನಿಯ ನ್ಯಾಯ! ಹೋದ ಅಧಿಕಾರವು ರಾಜವಂಶಕ್ಕೆ ಮರಳಿದುದು 1881ರಲ್ಲಿ. ಒಂದು ಫೌಜುದಾರಿಯ ಅಹವಾಲನ್ನು ಕೇಳದೆ ಹೋದುದಕ್ಕಾಗಿ ಒಂದು ರಾಜ್ಯವು ಐವತ್ತು ವರ್ಷ ಪರರ ಕೈಯಲ್ಲಿದ್ದಿತು.

ಪ್ರಜೆಯು ಕತ್ತಿಯನ್ನು ಹಿಡಿಯದೆಯೂ ಅಹವಾಲನ್ನು ಮುಂದಿಡಬಲ್ಲನೆಂಬುದಕ್ಕೆ ನೆರೆಯ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ. 1951ರಲ್ಲಿ ಗೇಣಿಯ ಧಾನ್ಯವನ್ನು ಅಳೆಯುವ ಕೊಳಗದ ವಿಷಯವಾಗಿ ಅಲ್ಲಿನ ಗೇಣಿದಾರರು ಗಣಪತಿಯಪ್ಪನವರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿದರು. ಅವರಿಗೂ ಸೆರೆಮನೆಯೇ ಮೊದಲ ಉತ್ತರವಾಯಿತು. ಉಳುವವನಿಗೆ ಭೂಮಿ ಎಂಬ ನಿಜವಾದ ಉತ್ತರವು ಶಾಸನರೂಪವನ್ನು ತಾಳಲು 1974 ಬರಬೇಕಾಯಿತು.

ಇಷ್ಟಾದರೂ ನಮ್ಮ ಕಚೇರಿಗಳು ಪಾಠ ಕಲಿತಿವೆಯೆ? 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಬಂದಿತು. ಆ ಬೆಳಕಿಗಾಗಿ ಗದ್ದೆ, ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಎದ್ದು ಬಂದ ಶರಾವತಿಯ ಸಂತ್ರಸ್ತರಿಗೆ ಕಾಡಿನಲ್ಲಿ ನೆಲೆ ತೋರಿಸಿದರು. ಹಕ್ಕುಪತ್ರವನ್ನು ಮಾತ್ರ ಎಲ್ಲರಿಗೂ ಕೊಡಲಿಲ್ಲ. ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿಯನ್ನು ಬಿಡುಗಡೆ ಮಾಡಿದ ಸರ್ಕಾರದ ಆದೇಶಗಳು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದುವು. ಇಲ್ಲಿಯೂ ಹಳೆಯ ಕಥೆಯೇ: ತಪ್ಪಿದುದು ಕಚೇರಿಯ ಕಾಗದ, ತೊಂದರೆಗೊಳಗಾದುದು ಒಕ್ಕಲು. ಈ ಜನರು ದಂಗೆಯೆದ್ದಿಲ್ಲ. ಪಾದಯಾತ್ರೆ ಮಾಡಿದ್ದಾರೆ, ಮನವಿ ಕೊಟ್ಟಿದ್ದಾರೆ, ಕಾದಿದ್ದಾರೆ. ಅವರ ಸಹನೆಯನ್ನು ಸಮ್ಮತಿಯೆಂದು ಭ್ರಮಿಸಬಾರದು.

ಅರಣ್ಯವು ಉಳಿಯಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸರ್ಕಾರವೇ ಕರೆತಂದು ಕೂರಿಸಿದವನನ್ನು ಅತಿಕ್ರಮಣಕಾರನೆನ್ನುವುದು ಅರಣ್ಯರಕ್ಷಣೆಯಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡೂ ಕೂಡಿ, ಇಂತಹ ದಿನದೊಳಗೆಂದು ಗಡುವು ಗೊತ್ತುಮಾಡಿ, ಸಂತ್ರಸ್ತರ ಭೂಮಿಯನ್ನು ಅಳೆಯಿಸಿ ಹಕ್ಕನ್ನು ನಿರ್ಣಯಿಸಲಿ. ತಾಲ್ಲೂಕು ಕಚೇರಿಗೆ ಬಂದ ಪ್ರತಿಯೊಂದು ಅರ್ಜಿಗೂ ಕಾರಣಸಹಿತವಾದ ಲಿಖಿತ ಉತ್ತರ ದೊರೆಯಲಿ. ರಾಜ್ಯದ ಭದ್ರತೆಯನ್ನು ಬಂದೂಕುಗಳ ಸಂಖ್ಯೆಯಿಂದ ಎಣಿಸುವವರು ನಗರದ ಹಾಳುಬಿದ್ದ ಕೋಟೆಯನ್ನೊಮ್ಮೆ ನೋಡಿಬರಬೇಕು. ಅಲ್ಲಿ ಕಲ್ಲಿಗೂ ಕೊರತೆಯಿರಲಿಲ್ಲ, ಕಾವಲಿಗೂ ಕೊರತೆಯಿರಲಿಲ್ಲ. ಪ್ರಜೆಯ ಮಾತನ್ನು ಕೇಳುವ ಕಿವಿಯೊಂದು ಇರಲಿಲ್ಲ.