ಅಭಿಮನ್ಯುವಿಗೆ ಐವತ್ತೆರಡು ವರ್ಷ

ಆದಿಚುಂಚನಗಿರಿ ಮಠದ ಸುತ್ತ ಈಗ ಓದಿಗೆ ಕೊರತೆಯಿಲ್ಲ. ಬಿ.ಜಿ. ನಗರದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್ ಎಲ್ಲವೂ ಇವೆ. 2018ರಿಂದ ಮಠದ್ದೇ ವಿಶ್ವವಿದ್ಯಾಲಯವೂ ಇದೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ರೈತರ ಮಕ್ಕಳು ಹತ್ತಿರದ ಕಾಲೇಜುಗಳಿಗೆ ಬಸ್ಸು ಹತ್ತಿ ಹೋಗಿ ಓದುತ್ತಾರೆ, ಅಂಕವನ್ನೂ ತೆಗೆಯುತ್ತಾರೆ. ಕೆಲಸದ ಸಂದರ್ಶನಕ್ಕೆ ಕೂತಾಗ ಮಾತ್ರ ಗಂಟಲು ಕಟ್ಟುತ್ತದೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಊರು, ಅಪ್ಪನ ಹೆಸರು, ಪರ್ಸೆಂಟೇಜು. ಅಲ್ಲಿಗೆ ಮುಗಿಯಿತು. ಇದಕ್ಕೆ ಮದ್ದೆಂದು ಕೊನೆಯ ವರ್ಷ ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರ ಮಾಡಿ, ಗೋಡೆಯ ಮೇಲೆ ಸ್ಲೈಡು ತೋರಿಸಿ, ಸರ್ಟಿಫಿಕೇಟು ಕೊಟ್ಟು ಕಳಿಸುವುದು ಈಗ ರಾಜ್ಯದ ತುಂಬ ರೂಢಿ.

ಆ ಶಿಬಿರದ ದುಡ್ಡಿನಲ್ಲಿ ಒಂದು ನಾಟಕ ಮಾಡಿಸಿ ಎನ್ನುವುದು ನನ್ನ ಹಟ.

ನಾಟಕ ಅಂದಾಗ ನಾನು ಹೇಳುತ್ತಿರುವುದು ಮುಖ್ಯವಾಗಿ ತಾಲೀಮಿನ ಬಗ್ಗೆ. ಮೊದಲ ಕೆಲವು ದಿನ ಎಲ್ಲರೂ ಸುತ್ತ ಕೂತು ಓದುತ್ತಾರೆ. ಹಾಲನ್ನು ಆಲು ಅನ್ನುವ ನಮ್ಮ ಕಡೆಯ ನಾಲಿಗೆಯನ್ನು ಒಳ್ಳೆಯ ನಿರ್ದೇಶಕ ಗೇಲಿ ಮಾಡುವುದಿಲ್ಲ. ಒಂದು ಪಾತ್ರಕ್ಕೆ ಅದನ್ನೇ ಇಟ್ಟುಕೊಳ್ಳುತ್ತಾನೆ, ಇನ್ನೊಂದಕ್ಕೆ ತಿದ್ದುತ್ತಾನೆ. ತನಗೆ ಎರಡೂ ಬರುತ್ತವೆ ಎಂದು ಗೊತ್ತಾದ ಹುಡುಗ ಬೆಂಗಳೂರಿನ ಯಾವ ಆಫೀಸಿನಲ್ಲೂ ತನ್ನ ಮಾತಿಗೆ ನಾಚುವುದಿಲ್ಲ. ಆಮೇಲೆ ಎದ್ದು ನಿಲ್ಲುವ ಹೊತ್ತು. ಕೈ ಎಲ್ಲಿಡಬೇಕು? ಜೀವನದಲ್ಲಿ ಮೊದಲ ಸಲ ಈ ಪ್ರಶ್ನೆ ಏಳುವುದು ಅಲ್ಲಿಯೇ. ಎದುರಿನವನ ಮಾತು ಮುಗಿಯುವ ತನಕ ಕಾಯಬೇಕು, ಕಾಯುತ್ತಿರುವಾಗಲೂ ಪಾತ್ರದೊಳಗೇ ಇರಬೇಕು. ಗೆಳತಿ ಮಾತು ಮರೆತರೆ ಅವಳ ಸಾಲನ್ನು ತಾನೇ ಹಿಡಿದು ಪ್ರಸಂಗ ದಾಟಿಸಬೇಕು. ಆತ್ಮವಿಶ್ವಾಸವನ್ನು ನಾವು ಜೋರು ದನಿ ಎಂದುಕೊಂಡಿದ್ದೇವೆ. ನಾನು ಕಂಡ ರಂಗದ ಹುಡುಗರಲ್ಲಿ ಮೆತ್ತಗೆ ಮಾತನಾಡುವವರೇ ಹೆಚ್ಚು. ನೂರು ಜನರೆದುರು ತಪ್ಪಿ, ಸಾವರಿಸಿಕೊಂಡು, ಏನೂ ಆಗದೆ ಮನೆಗೆ ಬಂದ ನೆನಪು ಅವರಲ್ಲಿದೆ. ಸಂದರ್ಶನದ ಕೋಣೆಯಲ್ಲಿ ಕೈಹಿಡಿಯುವುದು ಅದು.

ಇದು ಬರೀ ನಾಟಕದ ಹುಚ್ಚಿನವರ ಮಾತಲ್ಲ. ಯುರೋಪಿನಲ್ಲಿ 2008ರಿಂದ 2010ರವರೆಗೆ ‘ಡೈಸ್’ ಎಂಬ ಅಧ್ಯಯನ ನಡೆಯಿತು. ಹನ್ನೆರಡು ದೇಶಗಳ, 13ರಿಂದ 16 ವರ್ಷದ 4,475 ವಿದ್ಯಾರ್ಥಿಗಳು ಅದರಲ್ಲಿದ್ದರು. ನಾಟಕದ ಪಾಠ ಸಿಕ್ಕ ಮಕ್ಕಳು ಸಿಗದವರಿಗಿಂತ ಓದಿ ತಿಳಿಯುವುದರಲ್ಲಿ, ಸಂವಹನದಲ್ಲಿ ಹೆಚ್ಚು ಧೈರ್ಯ ತೋರಿದರು. ಶಾಲೆಯನ್ನೂ ಹೆಚ್ಚು ಇಷ್ಟಪಟ್ಟರು. ಮೊದಲೇ ಧೈರ್ಯವಿದ್ದವರು ತಾನೇ ನಾಟಕಕ್ಕೆ ಸೇರುವುದು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಟಕವಿಲ್ಲದ ಮಕ್ಕಳ ಗುಂಪನ್ನೂ ಪಕ್ಕದಲ್ಲಿಟ್ಟುಕೊಂಡು ಅಳೆದರು ನಿಜ, ಆದರೆ ಅಷ್ಟಕ್ಕೇ ಆ ಅನುಮಾನ ಪೂರ್ತಿ ತೀರುವುದಿಲ್ಲ.

ಹೆಸರು ಮಾಡಿದವರ ಪಟ್ಟಿ ಕೊಡುವುದು ಸುಲಭ. ನಾಗಮಂಗಲದ ಮಂಡ್ಯ ರಮೇಶ್ ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು, ರಂಗಾಯಣದಲ್ಲಿ ಪಳಗಿ, ಮೈಸೂರಿನಲ್ಲಿ ‘ನಟನ’ ರಂಗಶಾಲೆ ಕಟ್ಟಿದರು. ನೀನಾಸಂ ಸತೀಶ್ ಮಂಡ್ಯ ಜಿಲ್ಲೆಯವರೇ; ಹೆಗ್ಗೋಡಿನ ಶಾಲೆ ಅವರ ಹೆಸರಿಗೇ ಅಂಟಿಕೊಂಡಿದೆ. ಬಿ.ವಿ. ಕಾರಂತರು ಹುಟ್ಟುಹಾಕಿದ ‘ಬೆನಕ’ ತಂಡದಲ್ಲಿ ಯಶ್ ಶುರು ಮಾಡಿದ್ದು ಪರದೆಯ ಹಿಂದಿನ ಕೆಲಸದಿಂದ. ಆದರೆ ಇವರನ್ನು ತೋರಿಸಿ ಮಕ್ಕಳನ್ನು ನಾಟಕಕ್ಕೆ ಕರೆಯುವುದು ಮೋಸ. ಲಾಭದ ಬಹುಪಾಲು ಹೋಗುವುದು ಎಂದೂ ಕ್ಯಾಮೆರಾ ಎದುರು ನಿಲ್ಲದವರಿಗೆ. ಹೆದರಿದ ರೋಗಿಯ ಹತ್ತಿರ ಹೇಗೆ ಕೂರಬೇಕೆಂದು ಬಲ್ಲ ನರ್ಸು, ಕೋರ್ಟಿನಲ್ಲಿ ತಡವರಿಸದ ಕಿರಿಯ ವಕೀಲ, ನಲವತ್ತು ಮಕ್ಕಳ ಗಮನ ಹಿಡಿದಿಡುವ ಹೊಸ ಮೇಡಂ ಅಂಥವರು. ಪರದೆ ಹೊಲಿಸಿ, ಬೆಳಕಿನವರ ಜೊತೆ ಚೌಕಾಸಿ ಮಾಡಿ, ಖರ್ಚಿನ ಲೆಕ್ಕ ಒಪ್ಪಿಸಿದ ಹುಡುಗ ವ್ಯವಹಾರವನ್ನೂ ಕಲಿತಿರುತ್ತಾನೆ.

ಇಷ್ಟಕ್ಕೂ ಈ ನೆಲಕ್ಕೆ ನಾಟಕ ಹೊಸದೇ? ಕನ್ನಡದಲ್ಲಿ ಸಿಕ್ಕಿರುವ ಮೊದಲ ನಾಟಕ ‘ಮಿತ್ರವಿಂದಾ ಗೋವಿಂದ’ವನ್ನು ಸಿಂಗರಾರ್ಯ ಬರೆದದ್ದು ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ. ‘ಗೋಕುಲ ನಿರ್ಗಮನ’ದ ಪು.ತಿ.ನ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು. ಮೋಲಿಯೇರನ ನಾಟಕವನ್ನು ‘ಆಷಾಢಭೂತಿ’ ಮಾಡಿದ ಎ.ಎನ್. ಮೂರ್ತಿರಾಯರ ಊರು ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳು. ‘ಗದಾಯುದ್ಧ ನಾಟಕಂ’ ಕೊಟ್ಟ ಬಿ.ಎಂ.ಶ್ರೀ ತಮ್ಮ ಹೆಸರಿನ ಮೊದಲಕ್ಷರದಲ್ಲೇ ನಾಗಮಂಗಲದ ಬೆಳ್ಳೂರನ್ನು ಹೊತ್ತವರು. ನಾಲ್ಕು ತಾಲ್ಲೂಕಿಗೆ ನಾಲ್ವರು. ಒಬ್ಬರ ಹೆಸರಿನಲ್ಲಾದರೂ ಒಂದು ಅಂತರ ಕಾಲೇಜು ನಾಟಕ ಸ್ಪರ್ಧೆ ವರ್ಷ ತಪ್ಪದೆ ನಡೆದರೆ ಏನು ಕಷ್ಟ?

ಹಳ್ಳಿಗಳಲ್ಲಂತೂ ಇಂದಿಗೂ ನಾಟಕ ಸತ್ತಿಲ್ಲ. ಜಾತ್ರೆ ಬಂದರೆ ‘ಕುರುಕ್ಷೇತ್ರ’, ಇಲ್ಲವೇ ‘ರಾಮಾಯಣ’. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ತಿಂಗಳುಗಟ್ಟಲೆ ಪ್ರಾಕ್ಟೀಸು, ಡ್ರಾಮಾ ಸೀನರಿ ಲಾರಿಯಲ್ಲಿ ಇಳಿಯುತ್ತದೆ, ಬೆಳಗಿನ ಜಾವದವರೆಗೂ ಒನ್ಸ್‌ಮೋರ್. ಈ ಹುಮ್ಮಸ್ಸಿಗೆ ನಾನು ಕೈಮುಗಿಯುತ್ತೇನೆ. ತಕರಾರು ಇರುವುದು ಪಾರ್ಟು ಹಂಚುವ ರೀತಿಯಲ್ಲಿ. ನಮ್ಮಲ್ಲಿ ಪಾರ್ಟಿಗೆ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನನಿಗೆ ಎಲ್ಲಕ್ಕಿಂತ ಹೆಚ್ಚು. ದುಡ್ಡಿರುವುದು ಯಾರ ಹತ್ತಿರ? ಹೀಗಾಗಿ ಹದಿನಾರರ ಅಭಿಮನ್ಯು ಐವತ್ತೆರಡು ವರ್ಷದ ಕಂಟ್ರಾಕ್ಟರಾಗಿ, ಬಣ್ಣ ಬಳಿದ ಮೀಸೆಯೊಂದಿಗೆ ಚಕ್ರವ್ಯೂಹ ಹೊಗುತ್ತಾನೆ. ನಿಜವಾದ ಹದಿನಾರರ ಹುಡುಗ ಕೆಳಗೆ ನಿಂತು ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿರುತ್ತಾನೆ.

ಹುಡುಗಿಯರ ಮಾತು ಇನ್ನೂ ಒಂದು ಹೆಜ್ಜೆ ಹಿಂದೆ. ದ್ರೌಪದಿ, ಉತ್ತರೆ, ಕುಂತಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತೇವೆ. ಒಂದೇ ರಾತ್ರಿ ಮೂರು ಪಾತ್ರ ದಾಟಿಸಬಲ್ಲ ಆ ಹೆಂಗಸರ ಕಸುಬಿನ ಬಗ್ಗೆ ಬೇರೆಯೇ ಅಂಕಣ ಬೇಕು. ಆದರೆ ಅವರನ್ನು ಕರೆಸುವುದಕ್ಕೆ ಕಾರಣ ಅವರ ಕಲೆಯಷ್ಟೇ ಅಲ್ಲ. ನಮ್ಮೂರ ಮಗಳು ಸ್ಟೇಜು ಹತ್ತಬಾರದು ಎಂಬ ಒಳಗಿನ ಕಟ್ಟಳೆ ಇನ್ನೂ ಸಡಿಲವಾಗಿಲ್ಲ. ಅವಳಿಗೆ ಸಿಗುವುದು ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಸಾಲಾಗಿ ಕುಣಿಯುವ ನಾಲ್ಕು ನಿಮಿಷ. ಅದರಲ್ಲಿ ಅವಳು ಒಂದು ಮಾತನ್ನೂ ಆಡಬೇಕಿಲ್ಲ.

‘ನಾಟ್ಕ ಆಡ್ಕಂಡು ಕುಂತ್ರೆ ಹೊಟ್ಟೆಗೇನ್ ಮಾಡ್ತೀಯ ಮಗ?’ ಎಂದು ಅಪ್ಪ ಕೇಳಿದರೆ ಬೈಯಬೇಡಿ. ರಂಗಭೂಮಿಯನ್ನೇ ನಂಬಿದವರ ಆದಾಯ ಇವತ್ತಿಗೂ ಈ ತಿಂಗಳಿದ್ದರೆ ಮುಂದಿನ ತಿಂಗಳಿಲ್ಲ. ಸರ್ಕಾರಿ ಶಾಲೆಗಳಲ್ಲಿ ನಾಟಕದ ಮೇಷ್ಟ್ರ ಹುದ್ದೆ ಬೆರಳೆಣಿಕೆಯಷ್ಟು. ಓದು ಬಿಟ್ಟು ನಾಟಕಕ್ಕೆ ಬಾ ಎಂದು ನಾನಂತೂ ಯಾವ ಮಗುವಿಗೂ ಹೇಳಲಾರೆ. ಓದಿನ ಜೊತೆಗೆ ವರ್ಷಕ್ಕೊಂದು ನಾಟಕ ಎಂದರೆ ಅಪ್ಪಂದಿರೂ ಒಪ್ಪುತ್ತಾರೆ, ಅದರಲ್ಲೂ ತಾವೇ ಒಂದು ಕಾಲದಲ್ಲಿ ಭೀಮನ ಪಾರ್ಟು ಮಾಡಿದವರಾಗಿದ್ದರೆ.

ಆದಿಚುಂಚನಗಿರಿ ಮಠ ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಿಂದಲೂ ಜಾನಪದ ಕಲಾಮೇಳ ನಡೆಸಿಕೊಂಡು ಬಂದ ಮಠ ಇದು. ಪೂಜಾ ಕುಣಿತ, ಡೊಳ್ಳು, ಪಟದವರಿಗೆ ಅಲ್ಲಿ ಅಂಗಳವಿದೆ. ನಾಡಿನಾದ್ಯಂತ ನೂರಾರು ಶಾಲೆ ಕಾಲೇಜುಗಳಿವೆ. ಮಠಕ್ಕೂ ನಾಟಕಕ್ಕೂ ಎತ್ತಣ ನಂಟು ಎನ್ನುವವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ ನೋಡಲಿ. ಪಂಡಿತಾರಾಧ್ಯ ಸ್ವಾಮೀಜಿ 1997ರಲ್ಲಿ ಶುರು ಮಾಡಿದ ‘ಶಿವಸಂಚಾರ’ ವರ್ಷಕ್ಕೆ ಮೂರು ನಾಟಕ ಹೊತ್ತು ರಾಜ್ಯ ಸುತ್ತುತ್ತಿದೆ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ ಮಾಡುತ್ತದೆ. ಅಲ್ಲಿ, ಹೆಗ್ಗೋಡಿನಲ್ಲಿ, ಸಾಣೇಹಳ್ಳಿಯಲ್ಲಿ ಕಲಿತು ಕೆಲಸಕ್ಕೆ ಕಾಯುತ್ತಿರುವ ಯುವ ನಿರ್ದೇಶಕರು ಬೇಕಾದಷ್ಟಿದ್ದಾರೆ. ಒಬ್ಬರನ್ನು ಕರೆಸಿ, ಸಂಬಳ ಕೊಟ್ಟು, ಒಂದು ಹಾಲ್ ಬಿಟ್ಟುಕೊಡಿ.

ಕೊನೆಗೊಂದು ತೀರಾ ಸಣ್ಣ ವಿಷಯ. ಎಷ್ಟೋ ಒಳ್ಳೆಯ ಯೋಜನೆ ಮುಗ್ಗರಿಸುವುದು ಅಲ್ಲೇ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆದರೆ ಒಳಹಳ್ಳಿಗಳಿಗೆ ಸಂಜೆಯಾದ ಮೇಲೆ ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟು ಯಾವ ಪ್ರಯೋಜನಕ್ಕೆ? ಕಾಲೇಜು ಬಿಟ್ಟ ಮೇಲೆ ತಾಲೀಮು ಎಂದರೆ ಹುಡುಗಿಯರು ಮೊದಲ ವಾರದಲ್ಲೇ ಬಿಟ್ಟುಹೋಗುತ್ತಾರೆ, ಉಳಿದ ಹುಡುಗರು ಸೀರೆ ಉಟ್ಟುಕೊಳ್ಳಬೇಕಾಗುತ್ತದೆ. ಆದ್ದರಿಂದ ಪ್ರಾಂಶುಪಾಲರೇ, ವಾರದಲ್ಲಿ ಮೂರು ದಿನ ಕೊನೆಯ ಎರಡು ಪೀರಿಯಡ್ಡನ್ನು ನಾಟಕಕ್ಕೆ ಕೊಡಿ, ಟೈಮ್‌ಟೇಬಲಿನಲ್ಲೇ ಬರೆಯಿಸಿ. ಅದು ಆಗದಿದ್ದರೆ ಡಿಪೊ ಮ್ಯಾನೇಜರಿಗೆ ಪತ್ರ ಬರೆದು, ಏಳು ಗಂಟೆಗೊಂದು ಬಸ್ಸು ಹಾಕಿಸಿ.