ತಪ್ಪು ಯಾರದು?

ಕಳೆದ ತಿಂಗಳು ನಮ್ಮ ಸಂಘದ ಓದುಗರ ಬಳಗದಲ್ಲಿ ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ (ರಿಸರೆಕ್ಷನ್) ಕಾದಂಬರಿಯ ಮೇಲೆ ಚರ್ಚೆ ನಡೆಯಿತು. ಉಪ್ಪಿಟ್ಟು ಕಾಫಿ ಆದ ಮೇಲೆ ಎದ್ದ ಮೊದಲ ಪ್ರಶ್ನೆ, “ಕತ್ಯೂಷಾ ಹಾಗೆ ದಾರಿ ತಪ್ಪಬಹುದಿತ್ತೆ?” ಎಂಬುದು. ಎರಡನೆಯದು, “ಅಷ್ಟು ದೊಡ್ಡ ಮನೆತನದವನು ತಾನಾಗಿ ಬಂದು ಮದುವೆಯಾಗುತ್ತೇನೆಂದರೆ ಒಲ್ಲೆನೆನ್ನುವುದು ಅಹಂಕಾರವಲ್ಲವೆ?” ಎರಡು ಗಂಟೆ ಕಾಲ ಆ ಒಬ್ಬ ಹೆಣ್ಣಿನ ಗುಣದೋಷ ತೂಗಿ ಎಲ್ಲರೂ ಮನೆಗೆ ಹೋದರು. ನಾವು ಅಂದು ಬಾಯಿ ಬಿಡಲಿಲ್ಲ. ಅದಕ್ಕೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತು.

1899ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಓದದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕತ್ಯೂಷಾಳ ತಾಯಿ ಜಮೀನುದಾರರ ಮನೆಯ ದನ ನೋಡಿಕೊಳ್ಳುತ್ತಿದ್ದ ಅವಿವಾಹಿತೆ. ಅವಳು ಹೆತ್ತ ಐದು ಮಕ್ಕಳು ಹಾಲಿಲ್ಲದೆ ಸತ್ತಿದ್ದವು. ಆರನೆಯವಳಾದ ಕತ್ಯೂಷಾ ಒಡತಿಯ ಕಣ್ಣಿಗೆ ಬಿದ್ದು ಬದುಕಿದಳು. ಇಬ್ಬರು ಅಕ್ಕತಂಗಿಯರು ಅವಳನ್ನು ಅರ್ಧ ಸಾಕುಮಗಳಾಗಿ, ಅರ್ಧ ಕೆಲಸದವಳಾಗಿ ಬೆಳೆಸಿದರು. ಅವರ ಸೋದರಳಿಯ ನೆಖ್ಲ್ಯುದೋವ್ ಸೈನ್ಯಕ್ಕೆ ಹೋಗುವ ದಾರಿಯಲ್ಲಿ ಈಸ್ಟರ್ ಹಬ್ಬಕ್ಕೆ ಬಂದವನು ಅವಳನ್ನು ಕೆಡಿಸಿ, ಕೈಗೆ ನೂರು ರೂಬಲ್ ತುರುಕಿ ಹೊರಟುಹೋದ. ಅವಳು ಬಸುರಿಯಾದಳು. ಅವನು ಆ ಮಾರ್ಗವಾಗಿ ಹೋಗುತ್ತಾನೆಂದು ತಿಳಿದು ರಾತ್ರಿ ಗಾಳಿ ಮಳೆಯಲ್ಲಿ ಸ್ಟೇಷನ್ನಿಗೆ ಓಡಿದಳು. ಮೊದಲ ದರ್ಜೆಯ ಬೋಗಿಯ ಬೆಳಕಿನಲ್ಲಿ ಅವನು ಕೂತಿದ್ದ. ರೈಲು ಹೊರಟೇಬಿಟ್ಟಿತು. ಗಾಡಿಗೆ ತಲೆ ಕೊಡೋಣವೆಂದುಕೊಂಡವಳನ್ನು ತಡೆದದ್ದು ಹೊಟ್ಟೆಯೊಳಗೆ ಮಿಸುಕಿದ ಕೂಸು. ಆ ಕೂಸೂ ಉಳಿಯಲಿಲ್ಲ. ಅನಾಥಾಲಯಕ್ಕೆ ಒಯ್ದೊಡನೆ ತೀರಿಕೊಂಡಿತು. ಮುಂದೆ ಅವಳು ವೇಶ್ಯಾಗೃಹ ಸೇರಿದಳು. ವ್ಯಾಪಾರಿಯೊಬ್ಬನಿಗೆ ವಿಷವಿಕ್ಕಿದ ಆರೋಪ ಹೊತ್ತು ನ್ಯಾಯಾಲಯಕ್ಕೆ ಬಂದಾಗ, ತೀರ್ಪು ಹೇಳುವ ಜ್ಯೂರಿಯಲ್ಲಿ ಅದೇ ನೆಖ್ಲ್ಯುದೋವ್ ಕೂತಿದ್ದ!

ಕತ್ಯೂಷಾ ಸಂಪೂರ್ಣ ನಿರ್ದೋಷಿ ಎಂದು ನಾವು ವಾದಿಸುವುದಿಲ್ಲ. ಟಾಲ್‌ಸ್ಟಾಯ್ ಅವರೂ ವಾದಿಸುವುದಿಲ್ಲ. ಬಟ್ಟೆ ಒಗೆಯುವ ಕೆಲಸ ಅವಳಿಗೆ ಸಿಗುತ್ತಿತ್ತು. ಅಲ್ಲಿನ ಕ್ಷಯ ಹಿಡಿದ ಹೆಂಗಸರನ್ನು ಕಂಡು ಬೇಡವೆಂದಳು. ಆದರೆ ಅವಳ ತಪ್ಪಿಗೆ ಮುಂಚೆ ಎಷ್ಟು ಜನರ ತಪ್ಪುಗಳು ಸಾಲಾಗಿ ನಿಂತಿವೆ! ಅವುಗಳನ್ನು ಅಂದಿನ ಸಭೆಯಲ್ಲಿ ಒಬ್ಬರೂ ಎತ್ತಲಿಲ್ಲವಲ್ಲ, ಅದೇ ನಮ್ಮ ತಕರಾರು.

ಆ ಅಕ್ಕತಂಗಿಯರನ್ನೇ ನೋಡಿ. ಕೆಟ್ಟವರಲ್ಲ, ದೈವಭಕ್ತರು, ಸಾಯುವ ಕೂಸಿಗೆ ಹಾಲು ಕೊಟ್ಟವರು. ಆದರೆ ಹುಡುಗಿ ಮಂಕಾಗಿ, ಎದುರು ಮಾತಾಡಿ, ಲೆಕ್ಕ ಚುಕ್ತಾ ಮಾಡಿ ಎಂದಾಗ ಏನಾಯಿತೆಂದು ಕೂರಿಸಿ ಕೇಳಲಿಲ್ಲ. ಹೋಗಗೊಟ್ಟರು. ಕೂಸಾಗಿದ್ದಾಗ ತೋರಿದ ದಯೆಯನ್ನು ಅವಳ ಹೊಟ್ಟೆಯ ಕೂಸಿಗೆ ತೋರಲಾಗಲಿಲ್ಲ. ಮನೆತನದ ಮಾನಕ್ಕೆ ಕುಂದು ಬರುವಲ್ಲಿಗೆ ದಯೆ ನಿಂತುಬಿಡುತ್ತದೆ.

ಇನ್ನು ಜ್ಯೂರಿಯವರು. ನಿದ್ದೆ ಬರಿಸುವ ಪುಡಿಯೆಂದು ನಂಬಿ ಅವಳು ಕೊಟ್ಟಳೆಂಬುದನ್ನು ಅವರು ಒಪ್ಪಿದ್ದರು. ದೋಚುವ ಉದ್ದೇಶವಿರಲಿಲ್ಲವೆಂದು ಬರೆದರು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ಸೇರಿಸಲು ಮರೆತರು. ದಣಿದಿದ್ದರು, ಮನೆಗೆ ಹೋಗುವ ಆತುರ. ಆ ಒಂದು ಮಾತು ಬಿಟ್ಟುಹೋದದ್ದಕ್ಕೆ ಅವಳಿಗೆ ನಾಲ್ಕು ವರ್ಷದ ಕಠಿಣ ಶಿಕ್ಷೆ, ಸೈಬೀರಿಯ. ಇಪ್ಪತ್ತು ವರ್ಷದಿಂದ ಕೇಂದ್ರ ಸರಕಾರದ ಕಡತಗಳ ನಡುವೆ ಗುಮಾಸ್ತಿಕೆ ಮಾಡುತ್ತಿರುವ ನಮಗೆ ಆ ಪುಟ ಓದಿ ಕೈ ತಣ್ಣಗಾಯಿತು. ಮನೆಗೆ ಹೊರಡುವ ಹೊತ್ತಿನಲ್ಲಿ ಬರೆದ ಟಿಪ್ಪಣಿಯಲ್ಲಿ ಒಂದು ಸಾಲು ಬಿಟ್ಟುಹೋಗಿ ವಿಧವೆಯೊಬ್ಬರ ಪಿಂಚಣಿ ವರ್ಷಗಟ್ಟಲೆ ನಿಂತದ್ದನ್ನು ನಾವು ಕಂಡಿದ್ದೇವೆ. ಬರೆದವರು ದುಷ್ಟರಾಗಿರಲಿಲ್ಲ.

ಕತ್ಯೂಷಾಳ ನಿರಾಕರಣೆಯಂತೂ ಅಹಂಕಾರವಲ್ಲವೇ ಅಲ್ಲ. ಮೊದಲು ಅವಳಿಗೆ ಬಂದದ್ದು ಸಿಟ್ಟು. ಅಂದು ಸುಖಕ್ಕೆ ಬಳಸಿಕೊಂಡವನು ಇಂದು ತನ್ನ ಮೋಕ್ಷಕ್ಕೂ ನನ್ನನ್ನೇ ಬಳಸಿಕೊಳ್ಳಲು ಬಂದಿದ್ದಾನೆಂಬ ಸಿಟ್ಟು. ಅದರಲ್ಲಿ ಸುಳ್ಳೇನಿದೆ? ಕೊನೆಗೆ ಸಿಟ್ಟು ಕರಗಿದ ಮೇಲೂ, ಅವನನ್ನು ಪ್ರೀತಿಸುತ್ತಲೇ, ಅವನ ಬಾಳನ್ನು ಕಟ್ಟಿಹಾಕಬಾರದೆಂದು ಜೊತೆಯ ಕೈದಿ ಸಿಮೊನ್‌ಸನ್‌ನೊಡನೆ ಹೊರಟಳು. ಇಡೀ ಕಾದಂಬರಿಯಲ್ಲಿ ಇನ್ನೊಬ್ಬರಿಗಾಗಿ ತನ್ನ ಲಾಭ ಬಿಟ್ಟುಕೊಟ್ಟವರಲ್ಲಿ ಇವಳು ಮುಂಚಿನವಳು. ಮದುವೆಯಾದರೆ ಎಲ್ಲ ಸರಿಹೋಯಿತೆಂದು ತಿಳಿಯುವ ನಾವು ಅದನ್ನು ಅಹಂಕಾರವೆಂದು ಕರೆದೆವು.

ಇದೆಲ್ಲ ರಷ್ಯದ ಕಥೆ ಎನ್ನುವವರು ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ನೆನೆಯಲಿ. 1977ರ ಕಾಸರವಳ್ಳಿಯವರ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಬಸುರಿಗೆ ಕಾರಣನಾದ ಮೇಷ್ಟ್ರು ಓಡಿಹೋದ. ಬದುಕಿರುವ ವಿಧವೆ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ, ತಾನು ಇನ್ನೊಂದು ಮದುವೆಗೆ ಹೊರಟ.

ಸಭೆಯಲ್ಲಿ ಹಿರಿಯರೊಬ್ಬರು, “ಹೀಗೆಲ್ಲ ಮಾತಾಡಿದರೆ ನಮ್ಮ ಹೆಣ್ಣುಮಕ್ಕಳು ಏನು ಕಲಿತಾರು?” ಎಂದರು. ಗಂಡುಮಕ್ಕಳು ಏನು ಕಲಿತಾರೆಂದು ಯಾರೂ ಕೇಳಲಿಲ್ಲ.

ಈಗ ನಮ್ಮದೇ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಕ್ವಾರ್ಟರ್ಸಿನಲ್ಲಿ ಕನ್ನಡದವರ ಮನೆಯೊಂದಕ್ಕೆ ಮಗು ನೋಡಿಕೊಳ್ಳಲು ಊರ ಕಡೆಯಿಂದ ಒಬ್ಬ ಹುಡುಗಿಯನ್ನು ತಂದಿದ್ದರು. ಅವಳಿಗೆ ‘ಹಾಗಾಗಿದೆ’ಯೆಂದು ಹೆಂಗಸರ ಬಾಯಲ್ಲಿ ಹೊರಟು ವಾರ ಕಳೆಯುವುದರೊಳಗೆ ಅವಳನ್ನು ರೈಲು ಹತ್ತಿಸಿದರು. ಯಾರು ಕಾರಣವೆಂದು ಯಾರೂ ವಿಚಾರಿಸಲಿಲ್ಲ. ಟಿಕೆಟ್ಟಿಗೆ, ದಾರಿಯ ಖರ್ಚಿಗೆ ನಾಲ್ಕಾರು ಮನೆಯವರು ಕೂಡಿಸಿಕೊಟ್ಟೆವು. ನಾವೂ ನೂರು ರೂಪಾಯಿ ಕೊಟ್ಟೆವು, ಒಳ್ಳೆಯ ಕೆಲಸ ಮಾಡಿದೆವೆಂದೇ ತಿಳಿದೆವು. ಅವಳು ಎಲ್ಲಿ ಇಳಿದಳೋ, ಕೂಸು ಉಳಿಯಿತೋ ಇಲ್ಲವೋ, ಇಂದಿಗೂ ನಮಗೆ ತಿಳಿಯದು. ಆ ನೂರು ರೂಬಲ್ಲಿನ ಪುಟ ಓದಿದಾಗ ನೆಖ್ಲ್ಯುದೋವನನ್ನು ಬೈಯಲು ನಮಗೆ ಬಾಯಿ ಬರಲಿಲ್ಲ.

ಕಾನೂನು ನಮಗಿಂತ ಮುಂದೆ ಹೋಗಿದೆ. ಅವಿವಾಹಿತ ತಾಯಿ ತನ್ನ ಮಗುವಿನ ಪೋಷಕಳಾಗಲು ತಂದೆಯ ಹೆಸರು ಹೇಳಬೇಕಾಗಿಲ್ಲವೆಂದು 2015ರಲ್ಲೇ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅರ್ಜಿಯ ಕಾಲಮ್ಮು ಸಡಿಲವಾದರೂ ನಮ್ಮ ಮನಸ್ಸಿನ ಕಾಲಮ್ಮು ಹಾಗೇ ಇದೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ ಇಷ್ಟೆ. ಊರಿನಿಂದ ನಮ್ಮ ಮನೆಗಳಿಗೆ ಕೆಲಸಕ್ಕೆ ಬಂದ ಹೆಣ್ಣುಮಕ್ಕಳ ಹೆಸರು, ಅವರ ಮನೆಯವರ ವಿಳಾಸ ಸಂಘದಲ್ಲಿರಲಿ. ಅವರಲ್ಲಿ ಯಾರಿಗಾದರೂ ಕಷ್ಟ ಬಂದರೆ ಬಂದು ಹೇಳಿಕೊಳ್ಳಲು ಇಬ್ಬರು ಹಿರಿಯ ಮಹಿಳಾ ಸದಸ್ಯರಿರಲಿ. ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಮೀಸಲಾದರೆ ಕನ್ನಡಕ್ಕೆ ನಷ್ಟವೇನೂ ಆಗದು. ಒಪ್ಪದ ಸದಸ್ಯರು ಮುಂದಿನ ಸಂಚಿಕೆಯಲ್ಲಿ ಧಾರಾಳವಾಗಿ ನಮ್ಮನ್ನು ಖಂಡಿಸಲಿ. ಆದರೆ ಕತ್ಯೂಷಾ ಮಾಡಿದ್ದು ಸರಿಯೆ ಎಂದು ಕೇಳುವ ಮುನ್ನ, ಆ ಹುಡುಗಿಯನ್ನು ರೈಲು ಹತ್ತಿಸಿದ್ದು ಸರಿಯೆ ಎಂಬುದಕ್ಕೆ ಉತ್ತರ ಬರೆಯಲಿ.